ಷರಾ

ರಿಜಿಸ್ಟರಿನಲ್ಲಿ ಆರು ಮನೆ.
ಐದು ತುಂಬಿದ್ದೇನೆ. ಆರನೆಯದು ಷರಾ,
ಎರಡು ಬೆರಳಗಲ.
ನಾಳೆ ಲಾರಿ ಬರುತ್ತದೆ. ನಲವತ್ತೊಂದು ಥ್ರೀ ನಾಟ್ ಥ್ರೀ,
ಎಲ್ಲವೂ ನಿರುಪಯುಕ್ತ, ಎಲ್ಲವೂ ಕುಲುಮೆಗೆ.
ನಲವತ್ತರ ಮುಂದೆ ಒಂದೇ ಶಬ್ದ ಬರೆದೆ: ತುಕ್ಕು.
ಕಾರವಾರದ ಗಾಳಿಯಲ್ಲಿ ಅದು ಸುಳ್ಳೂ ಅಲ್ಲ.
ಈ ಹದಿನೇಳನೆಯದರ ಮುಂದೆ ಕೈ ನಿಂತಿತು.

ಸೀಮೆಎಣ್ಣೆಯ ಚಿಂದಿ, ಮೇಲೆ ಸೀಮೆಸುಣ್ಣದ ಪುಡಿ.
ಸೀಮೆಯ ಕೋವಿಗೆ ಸೀಮೆಯದೇ ಉಪಚಾರ.
ಉಜ್ಜಿ ಒರೆಸಿದರೆ
ಒಳಗೆ ಮಲಗಿದ್ದ ಅಕ್ಷರ ಬೆಳ್ಳಗೆ ಏಳುತ್ತವೆ.

ಮೊದಲು ಬಂದದ್ದು ಕಿರೀಟ.
ಕೆಳಗೆ ದೊರೆಯ ಎರಡಕ್ಷರ, ಕಾರ್ಖಾನೆಯ ಊರು,
ಸಾವಿರದ ಒಂಬೈನೂರ ಹದಿನಾರು.
ಕಿರೀಟದ ಎಡಗಡೆ ಸವೆದಿಲ್ಲ, ಬಿದ್ದೇ ಇಲ್ಲ.
ಅಚ್ಚು ಹೊಡೆದವನ ಸುತ್ತಿಗೆ ಓರೆಯಾಗಿತ್ತೋ,
ರಣದಲ್ಲಿದ್ದ ಮಗನ ಕಾಗದ
ಆ ವಾರ ಬಂದಿರಲಿಲ್ಲವೋ.

ನಳಿಗೆಯ ಬುಡಕ್ಕೆ ಬಾಣ, ಬಾಣದಡಿ ಒಂದು ಐ.
ಹಿಂದೂಸ್ತಾನದ ಸ್ವತ್ತು ಎಂದರ್ಥ,
ದನಕ್ಕೆ ಬರೆ ಎಳೆದ ಹಾಗೆ.
ಹಿತ್ತಾಳೆಯ ಬಿಲ್ಲೆಯಲ್ಲಿ ಪಲ್ಟನಿನ ಹೆಸರಿರಬೇಕಿತ್ತು,
ಯಾರೋ ಅರ ಹಾಕಿ ತಿಕ್ಕಿದ್ದಾರೆ.
ಉಳಿದದ್ದು ಒಂದು ಕಹಳೆಯ ಬಾಯಿ.
ಕಹಳೆಯಾದರೆ ಮರಾಠಾ ಪಲ್ಟನ್ ಇದ್ದೀತು.
ಆ ಪಲ್ಟನ್ ಆದರೆ, ಬಸ್ರಾ.

ನಮ್ಮ ಕಡೆ ಬಸ್ರಾ ಎಂದರೆ ನತ್ತಿನ ಮುತ್ತು.
ಮುತ್ತಿಗೆ ಹೋದವರಲ್ಲ ಇವರು;
ಸದಾಶಿವಗಡದಿಂದ ಮಚವೆ ಹತ್ತಿ
ಹನ್ನೊಂದು ರೂಪಾಯಿ ಪಗಾರಕ್ಕೆ ಹೋದವರು.
ಕಟ್ಟಿಗೆಯ ಬಿರುಕಿನಲ್ಲಿ ಗೋಪಿಚಂದನದ ಬಣ್ಣದ ಮಣ್ಣಿದೆ.
ಮರಳುಗಾಡಿನದು ಎನ್ನಲು ಆಸೆ.
ಕೋಡಿಬಾಗದ್ದೂ ಇರಬಹುದು.

ಬೋಲ್ಟಿನ ನಂಬರಿಗೂ ಮೈಯ ನಂಬರಿಗೂ ತಾಳೆಯಿಲ್ಲ.
ನನಗೆ ಕೆಲಸ ಕಲಿಸಿದ ಫೊಂಡು ಕೊಠಾರಕರ ಹೇಳುತ್ತಿದ್ದ:
ನಂಬರು ಕೂಡದಿದ್ದರೆ ಕೂಡಾವಳಿ ಅಂತ ತಿಳಿ,
ಮೊದಲಿನದನ್ನು ಕೇಳಬೇಡ.
ನಾನು ಕೇಳುತ್ತೇನೆ. ಯಾವ ಹೊಳೆಯ ಕೆಸರಲ್ಲಿದೆ ಅದು,
ಯಾರ ಮುಷ್ಟಿಯೊಳಗೆ?
ಅಥವಾ ಯಾವುದೋ ಠಾಣೆಯಲ್ಲಿ, ಎಣ್ಣೆ ಹಚ್ಚುವ ದಿನ,
ನನ್ನಂಥವನೊಬ್ಬ ಊಟದ ಹೊತ್ತಿಗೆ
ಅದಲುಬದಲು ಮಾಡಿದನೋ.

ಕಿರೀಟದ ಪಕ್ಕದಲ್ಲೇ ಸಿಂಹಗಳ ಸಣ್ಣ ಅಚ್ಚು.
ಹಳೆಯ ಧಣಿಯ ಪಟ ಇಳಿಸದೆ
ಹೊಸಬನಿಗೆ ಮತ್ತೊಂದು ಮೊಳೆ ಹೊಡೆದಂತೆ.
ಕಾರ್ಖಾನೆ ರಿಪೇರಿಗೆ ಗುರುತಿದೆ,
ಪರೀಕ್ಷೆಗೆ ಗುರುತಿದೆ, ಕಟ್ಟಿಗೆ ಬದಲಿಸಿದ್ದಕ್ಕೂ ಇದೆ.
ಮೂವತ್ತನೆಯ ಇಸವಿಯಲ್ಲಿ ಅಂಕೋಲೆಯ ದಂಡೆಯ ಮೇಲೆ,
ಹಿಡಿ ಉಪ್ಪಿನ ಮುಂದೆ, ಇದು ನಿಂತಿತ್ತೇ?
ಅದಕ್ಕೆ ಯಾರೂ ಅಚ್ಚು ಹೊಡೆದಿಲ್ಲ.

ಹಿಂಬದಿಯ ಕಟ್ಟಿಗೆಯ ಅಡಿಗೆ ಚಾಕುವಿನ ಗೀರು.
ಸೋಮಯ್ಯ ಗೊಂಡ ಬಗ್ಗಿ ಎಣಿಸಿದ. ಭಟ್ಕಳದ ಹುಡುಗ,
ನೌಕರಿಗೆ ಸೇರಿ ಎಂಟು ತಿಂಗಳು.
ಹನ್ನೊಂದು, ಅಂದ. ಹನ್ನೊಂದು ಹೆಣ,
ಅಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಹಿತ್ತಾಳೆಯ ಮುಚ್ಚಳ ಉಗುರಿಗೆ ಬಗ್ಗಲಿಲ್ಲ,
ಮೊಳೆಯಿಂದ ಎಬ್ಬಿಸಿದೆ.
ಎಣ್ಣೆ ಶೀಶೆ ಇರಬೇಕಾದ ತೂತಿನಿಂದ ಬಿತ್ತು
ಬೆಂಕಿಕಡ್ಡಿಗೆ ಸುತ್ತಿದ ತಂಗೂಸು,
ತುದಿಗೆ ಒಂದು ಗಾಳ,
ಭಾರಕ್ಕೆ ಚಚ್ಚಿದ ಸೀಸ.
ಸೀಸ ಎಲ್ಲಿಂದ ಬಂತೆಂದು ನನಗೆ ಗೊತ್ತು.
ಒಂದು ಗುಂಡಿನ ಲೆಕ್ಕ
ಎಲ್ಲೋ ಒಂದು ದಫ್ತರದಲ್ಲಿ ಇವತ್ತಿಗೂ ತಪ್ಪಿಯೇ ಇದೆ.

ಕಾಳಿ ಅಳಿವೆಯ ರಾತ್ರಿ ಪಾಳಿ.
ಕೋವಿಯನ್ನು ಕಂಬಕ್ಕೆ ಒರಗಿಸಿ, ಟೊಪ್ಪಿ ತೆಗೆದು,
ನೊಗಲಿ ಕಚ್ಚುವುದನ್ನೇ ಕಾದ ಒಬ್ಬ ಕಾವಲುಗಾರ.
ಹನ್ನೊಂದು ಮೀನೇ ಸಾರ್, ಎಂದ ಸೋಮಯ್ಯ,
ಮುಖ ಅರಳಿಸಿ.
ನಾನು ಹೌದೆನ್ನಲಿಲ್ಲ.
ಗಾಳ ಹೊಸದು, ಗೀರು ಬಹಳ ಹಳೆಯದು.

ನಳಿಗೆಯನ್ನು ಕಿಟಕಿಗೆ ಹಿಡಿದು ನೋಡಿದೆ.
ಎಡಕ್ಕೆ ಹೊರಳುವ ಐದು ಗೀರು, ನಡುವೆ ಜೇಡನ ಬಲೆ,
ಆಚೆ ತುದಿಗೆ ಬೈತಖೋಲದ ಒಂದು ದೀಪ,
ವಟಾಣಿಯಷ್ಟು.

ಷರಾ:
ತುಕ್ಕು. ಬೋಲ್ಟ್ ನಂಬರು ಬೇರೆ. ಎಣ್ಣೆ ಶೀಶೆ ಇಲ್ಲ.
ಮನೆ ತುಂಬಿತು.
ಗಾಳದ ಬಗ್ಗೆ ಬರೆದಿಲ್ಲ.
ಮೇಜಿನ ಮೇಲೂ ಅದು ಈಗ ಇಲ್ಲ,
ಸೋಮಯ್ಯನೂ ಇಲ್ಲ; ಹೊರಗೆ ಇಳಿತದ ಹೊತ್ತು.